ಎರಡು ಬೆರಳು ಪಕ್ಕಕ್ಕೆ

ಕಾರಿನ ತಗಡು ಒತ್ತುವ ಪ್ರೆಸ್ಸಿಗೆ ಬಳಿಯುವ ಎಣ್ಣೆಗೆ ಅದರದೇ ಒಂದು ವಾಸನೆಯಿತ್ತು. ಒದ್ದೆ ಸಾಬೂನು, ಕರಗಿದ ಮೇಣ, ಬಿಸಿಯಾದ ಕಬ್ಬಿಣ, ಇವನ್ನೆಲ್ಲ ಒಂದೇ ಬಟ್ಟೆಯಲ್ಲಿ ಕಟ್ಟಿಟ್ಟ ಹಾಗೆ. ಬರ್ನಡೀನ್ ಚಿಕ್ಕವಳಿದ್ದಾಗ ಅದು ಅಪ್ಪನ ವಾಸನೆ. ಶಿಫ್ಟ್ ಮುಗಿಸಿ ಬಂದ ಅಪ್ಪ ನೀಲಿ ಅಂಗಿಯನ್ನು ಬಿಚ್ಚಿ ಹಿಂಬಾಗಿಲ ಮೊಳೆಗೆ ನೇತುಹಾಕುತ್ತಿದ್ದ. ಒಳಗೆ ಅಮ್ಮ ಬೆಣ್ಣೆಯಲ್ಲಿ ಈರುಳ್ಳಿ ಹುರಿಯುತ್ತಿದ್ದಳು. ಎರಡು ವಾಸನೆಗಳೂ ಬಾಗಿಲ ಹತ್ತಿರ ಕೂಡಿಕೊಂಡವೆಂದರೆ ಇನ್ನೇನು ಊಟಕ್ಕೆ ಕರೆ ಬರುತ್ತದೆಂದು ಹುಡುಗಿಗೆ ತಿಳಿಯುತ್ತಿತ್ತು. ಮುಂದೆ ಅಪ್ಪ ದುಡಿಯುತ್ತಿದ್ದ ಕಾರ್ಖಾನೆಗೇ ಅವಳೂ ಸೇರಿ, ಆ ಎಣ್ಣೆ ಅವಳ ಕೂದಲಿಗೇ ಹತ್ತಿದ ಮೇಲೆ ವಾಸನೆ ಮೂಗಿಗೆ ತಿಳಿಯುವುದೇ ನಿಂತುಹೋಯಿತು.

ನಿವೃತ್ತಿಯಾದ ವರ್ಷ, ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಗ್ಯಾರೇಜಿನ ಅಟ್ಟದಿಂದ ಒಂದು ಗಂಟನ್ನು ಕೆಳಗಿಳಿಸಿದಾಗ ಅದು ಮರಳಿ ಬಂತು.

“ಏನೇ ಅದು, ಮಗು ಸುತ್ತಿಟ್ಟ ಹಾಗಿದೆ,” ಎಂದಳು ಏಣಿ ಹಿಡಿದುಕೊಂಡಿದ್ದ ಓಪಲ್.

“ಸ್ಕೂಪ್ ಕಣೇ. ಅಪ್ಪ ಎತ್ತಿಟ್ಟಿದ್ದು.”

ಗಂಟಿಗೆ ಹೊದಿಸಿದ್ದು ಅಪ್ಪನ ನೀಲಿ ಅಂಗಿ. ಕತ್ತಿನಿಂದ ಕೊನೆಯವರೆಗೆ ಒಂದೊಂದು ಗುಂಡಿಯನ್ನೂ ಹಾಕಿ, ತೋಳುಗಳನ್ನು ಹಿಂದಕ್ಕೆ ತಂದು ಗಂಟು ಕಟ್ಟಿದ್ದ. ಬರ್ನಡೀನ್ ಗುಂಡಿಗಳನ್ನು ಬಿಚ್ಚಿದಳು. ಒಳಗೆ ಕಾರಿನ ಬಾನೆಟ್ಟಿನ ಮೇಲೆ ಗಾಳಿ ಹಿಡಿಯಲು ಕೂರಿಸುವ ಕಪ್ಪು ಫೈಬರಿನ ಸ್ಕೂಪ್, ಬ್ರೆಡ್ಡು ಬೇಯಿಸುವ ತಟ್ಟೆಯಷ್ಟು ದೊಡ್ಡದು, ಮುಂದಕ್ಕೆ ಬಾಯಿ ತೆರೆದುಕೊಂಡು ಕೂತಿತ್ತು. ಮೇಲೆ ಒಂದು ಗೀರೂ ಇರಲಿಲ್ಲ.

“ಎಸೀಬೇಕು ಅಂತಿದ್ದೋನು ಗುಂಡಿ ಹಾಕ್ತಾ ಕೂರ್ತಿರಲಿಲ್ಲ,” ಎಂದಳು ಓಪಲ್.

ಓಪಲ್ ಕೆಂಟಕಿಯ ಬೆಟ್ಟಗಳಿಂದ ಕೆಲಸ ಹುಡುಕಿಕೊಂಡು ಡೆಟ್ರಾಯಿಟ್‌ಗೆ ಬಂದವಳು. ಪ್ರೆಸ್ಸಿನ ಒಂದು ತುದಿಯಲ್ಲಿ ಬರ್ನಡೀನ್ ತಗಡು ಕೊಡುತ್ತಿದ್ದರೆ ಇನ್ನೊಂದು ತುದಿಯಲ್ಲಿ ಓಪಲ್ ತಪಾಸಣೆ ಮಾಡುತ್ತಿದ್ದಳು. ನಡುವೆ ಮನೆಯಷ್ಟು ಎತ್ತರದ ಯಂತ್ರ. ಅದರ ಸದ್ದಿನಲ್ಲಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಆದ್ದರಿಂದಲೇ ಇಷ್ಟು ವರ್ಷ ಜಗಳವಾಡದೆ ಉಳಿದೆವು ಎಂದು ಇಬ್ಬರೂ ಹೇಳುತ್ತಿದ್ದರು.

ಸ್ಕೂಪನ್ನು ಬರ್ನಡೀನ್ ಕೊಂಡದ್ದು ಅರವತ್ತೊಂಬತ್ತರ ಬೇಸಿಗೆಯಲ್ಲಿ. ಆಗ ಅವಳಿಗೆ ಹತ್ತೊಂಬತ್ತು. ತನ್ನ ದುಡಿಮೆಯಲ್ಲೇ ಕಡುಹಸಿರು ಬಣ್ಣದ ಡಾರ್ಟ್ ಕಾರು ಕೊಂಡಿದ್ದಳು. ಸಣ್ಣ ಮೈ, ಒಳಗೆ ದೊಡ್ಡ ಎಂಜಿನ್. ಬೀದಿಯ ಹುಡುಗರೆಲ್ಲ ಬಾನೆಟ್ಟಿಗೆ ತೂತು ಕೊರೆದು ಸ್ಕೂಪ್ ಕೂರಿಸುತ್ತಿದ್ದರು. ಕಾರು ಓಡುವಾಗ ಎದುರಿನ ತಂಗಾಳಿ ಅದರ ಬಾಯಿಂದ ನೇರ ಕಾರ್ಬುರೇಟರಿಗೆ ನುಗ್ಗುತ್ತದೆ, ಎಂಜಿನ್ ಹಗ್ಗ ಬಿಚ್ಚಿದ ಹೋರಿಯ ಹಾಗೆ ಎಳೆಯುತ್ತದೆ. ಅವಳೂ ಅಂಚೆಯಲ್ಲಿ ಒಂದನ್ನು ತರಿಸಿಕೊಂಡಳು. ಬಾನೆಟ್ಟಿನ ಮೇಲೆ ಸೀಮೆಸುಣ್ಣದಿಂದ ಗೆರೆ ಹಾಕುತ್ತಿದ್ದಾಗ ಅಪ್ಪ ಬಂದ. “ಒಳ್ಳೆ ತಗಡಿಗೆ ಗರಗಸ ಹಾಕೋದು ಹೆಣ್ಣುಮಕ್ಕಳ ಕೆಲಸ ಅಲ್ಲ,” ಎಂದು ಹೇಳಿ ಸ್ಕೂಪನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ಗ್ಯಾರೇಜು ಅಪ್ಪನದು, ಗರಗಸವೂ ಅಪ್ಪನದು. ಅವಳು ಸೀಮೆಸುಣ್ಣ ಒರೆಸಿದಳು.

ಆಮೇಲೆ ಆ ಹುಡುಗರ ಕಾರುಗಳೆಲ್ಲ ಒಂದೊಂದಾಗಿ ಹೋದವು. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪು ಕೆಲವನ್ನು ತಿಂದಿತು, ಪಂದ್ಯಗಳು ಕೆಲವನ್ನು ತಿಂದವು, ಹೆಂಡತಿ ಮಕ್ಕಳಾದ ಮೇಲೆ ಕೆಲವು ಮಾರಾಟವಾದವು. ಬರ್ನಡೀನಳ ಡಾರ್ಟ್ ಉಳಿಯಿತು. ಒಂದು ದಿನ ಹಳೇ ಕಾರುಗಳ ಸಂಘದವರ ಕಣ್ಣಿಗೆ ಅದು ಬಿತ್ತು, ಅಲ್ಲಿಂದ ಅದರ ನಸೀಬೇ ಬದಲಾಯಿತು.

ಸಂಘಕ್ಕೆ ಹಿರಿಯ, ತೀರ್ಪುಗಾರ, ಪಾರುಪತ್ತೇಗಾರ ಎಲ್ಲ ಸ್ಟ್ಯಾಶ್ ಡುಡೆಕ್. ಸಿಟಿ ಬಸ್ ಓಡಿಸಿ ನಿವೃತ್ತನಾದವನು. ಪ್ರತಿ ಜೂನ್‌ನಲ್ಲಿ ಸಂತ ಹೆಡ್ವಿಗ್ ಚರ್ಚಿನ ಅಂಗಳದಲ್ಲಿ, ಭಾನುವಾರದ ಪೂಜೆ ಮುಗಿದ ಮೇಲೆ ಸಂಘದ ಪ್ರದರ್ಶನ. ಮೊದಲ ಸಾಲಿನ ಮೊದಲ ಜಾಗ, ಸುತ್ತ ಹಗ್ಗ, ‘ಕಾರ್ಖಾನೆಯಿಂದ ಬಂದ ಹಾಗೇ ಇದೆ’ ಎಂಬ ಫಲಕ, ಅದು ಬರ್ನಡೀನಳ ಡಾರ್ಟಿಗೆ. ಮೊದಲ ಕಾರಿನವರು ಊಟದ ಸಾಲಿನಲ್ಲಿ ನಿಲ್ಲುವುದಿಲ್ಲ ಎಂಬುದೊಂದು ಪದ್ಧತಿ. ಸ್ಟ್ಯಾಶ್‌ನ ಹೆಂಡತಿ ಐರೀನಾ ಮನೆಯಲ್ಲೇ ಮಾಡಿದ ಪಿರೋಗಿಗಳನ್ನು, ಆಲೂಗಡ್ಡೆ ತುಂಬಿ ಬೇಯಿಸಿದ ಆ ಕಡುಬುಗಳನ್ನು, ತಟ್ಟೆಗೆ ಹಾಕಿಕೊಡುತ್ತಾಳೆ, ಸ್ಟ್ಯಾಶ್ ತಾನೇ ತಂದು ಕೈಗಿಡುತ್ತಾನೆ. ಅದನ್ನು ಮೊದಲ ಕಾರಿನ ತಟ್ಟೆ ಎಂದೇ ಕರೆಯುತ್ತಾರೆ.

ಮೊದಮೊದಲು ಬರ್ನಡೀನಳಿಗೆ ಇದೆಲ್ಲ ಹಿತವಾಗಿತ್ತು. ಅಮ್ಮ ತೀರಿಕೊಂಡ ಮೇಲೆ ಭಾನುವಾರಗಳಿಗೆ ಇದ್ದದ್ದು ಈ ಜನವೇ. ಆದರೆ ಬರಬರುತ್ತ ಅವರು ಕಾರಿಗೆ ಕಾವಲು ಕೂತರು. ಮಳೆಯಲ್ಲಿ ಓಡಿಸಬೇಡಮ್ಮ, ಎಂಜಿನ್ ತೊಳೆಯಬೇಡಮ್ಮ, ಬ್ಯಾಟರಿ ಬದಲಾಯಿಸುವ ಮುಂಚೆ ಒಂದು ಮಾತು ಹೇಳಮ್ಮ. ಒಮ್ಮೆ ಅವಳು ವೈಪರಿನ ಹಳೇ ರಬ್ಬರು ಕಿತ್ತು ಹೊಸದು ಹಾಕಿದ್ದಕ್ಕೆ ಸ್ಟ್ಯಾಶ್ ಮನೆಯಲ್ಲಿ ಸಾವಾದವನ ಹಾಗೆ ಮುಖ ಮಾಡಿಕೊಂಡು ಓಡಾಡಿದ. ಎಲ್ಲರೂ ಅವಳ ಕಾರನ್ನು ಪ್ರೀತಿಸುತ್ತಿದ್ದರು, ಅವಳೊಬ್ಬಳು ಅದನ್ನು ಓಡಿಸುವ ಹಾಗಿರಲಿಲ್ಲ.

ಕಾರ್ಖಾನೆಯಲ್ಲಿ ಅವಳನ್ನು ಬೀಳ್ಕೊಡುವಾಗ ಕೇಕ್ ಕತ್ತರಿಸಿ, ಇನ್ನು ಮುಂದೇನು ಮಾಡುತ್ತೀಯ ಎಂದು ಕೇಳಿದರು. “ನನ್ನ ಬಾನೆಟ್ಟಿಗೆ ತೂತು ಕೊರೀತೀನಿ,” ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಸ್ಟ್ಯಾಶ್‌ನಿಂದಲೂ ಮುಚ್ಚಿಡಲಿಲ್ಲ, ಪ್ರದರ್ಶನಕ್ಕೆ ಎರಡು ದಿನ ಮುಂಚೆ, ಶುಕ್ರವಾರ ರಾತ್ರಿ, ಫೋನ್ ಮಾಡಿ ಹೇಳಿದಳು.

“ಮೊದಲನೇ ಜಾಗ ಹೋಗುತ್ತೆ ಬರ್ನಿ. ನಿಯಮ ಅಂದ್ರೆ ನಿಯಮ.”

“ಗೊತ್ತು.”

“ಕೊನೇ ಸಾಲು. ಬಾಡಿಗೆ ಕಕ್ಕಸುಗಳನ್ನ ಇಡ್ತೀವಲ್ಲ, ಅದರ ಪಕ್ಕ.”

“ಅಲ್ಲಿ ಮರದ ನೆರಳಿದೆ,” ಎಂದು ಫೋನ್ ಇಟ್ಟಳು. ಆ ಜನರನ್ನು ಬಿಟ್ಟರೆ ಭಾನುವಾರ ಎಲ್ಲಿಗೆ ಹೋಗುವುದು ಎಂದು ಮಲಗುವವರೆಗೂ ಲೆಕ್ಕ ಹಾಕಿದಳು. ಆದರೂ ಬೆಳಗಾಗುತ್ತಲೇ ಓಪಲಳನ್ನು ಕರೆದಳು, ಏಣಿ ಹಾಕಿದಳು.

ಅಂಗಿಯನ್ನು ಅವಳು ಮಡಿಸಿಡಲಿಲ್ಲ, ತನ್ನ ಉಡುಪಿನ ಮೇಲೆಯೇ ತೊಟ್ಟುಕೊಂಡಳು. ತೋಳು ಉದ್ದವಾಯಿತು, ಓಪಲ್ ಮಡಿಚಿಕೊಟ್ಟಳು.

ಮೊದಲ ಕೆಲಸ ಅಳತೆ. ಕಾರ್ಬುರೇಟರಿನ ಮೇಲೆ ಕೂತಿರುವ ಏರ್ ಫಿಲ್ಟರಿನ ಮುಚ್ಚಳಕ್ಕೂ ಬಾನೆಟ್ಟಿಗೂ ನಡುವೆ ಎಷ್ಟು ಜಾಗವಿದೆ ಎಂದು ಗೊತ್ತಾಗಬೇಕು, ಅಷ್ಟು ದಪ್ಪದ ರಬ್ಬರ್ ಬಳೆಯನ್ನು ಅಲ್ಲಿ ಕೂರಿಸಬೇಕು. ಇಲ್ಲವಾದರೆ ಸ್ಕೂಪಿನಿಂದ ಬಂದ ಗಾಳಿ ಸೋರಿಹೋಗುತ್ತದೆ. ಆದರೆ ಬಾನೆಟ್ ತೆರೆದರೆ ಅಳೆಯಲು ಏನೂ ಇಲ್ಲ, ಮುಚ್ಚಿದರೆ ಏನೂ ಕಾಣುವುದಿಲ್ಲ. ಇದಕ್ಕೆ ಎಲ್ಲರೂ ಮಕ್ಕಳು ಆಡುವ ಜೇಡಿಮಣ್ಣು ಬಳಸುತ್ತಾರೆ. ಬರ್ನಡೀನಳ ಫ್ರಿಜ್ಜಿನಲ್ಲಿ ಹಿಂದಿನ ದಿನ ಪಿರೋಗಿಗೆಂದು ಕಲಸಿ ಉಳಿದ ಹಿಟ್ಟಿತ್ತು. ಫಿಲ್ಟರಿನ ಮೇಲೆ ಮೇಣದ ಕಾಗದ ಹಾಸಿ, ನಡುವಿನ ನಟ್ಟು ಮುಚ್ಚುವಂತೆ ಹಿಟ್ಟಿನ ಮುದ್ದೆ ಇಟ್ಟು, ಅದರ ಮೇಲೆ ಇನ್ನೊಂದು ಕಾಗದ ಮುಚ್ಚಿ, ಬಾನೆಟ್ಟನ್ನು ಮೆಲ್ಲಗೆ ಇಳಿಸಿ ಅಮುಕಿದಳು.

“ಆಮೇಲೆ ಇದನ್ನ ಬೇಯಿಸ್ತೀಯಾ?” ಓಪಲ್ ಕೇಳಿದಳು.

“ಸ್ಟ್ಯಾಶ್‌ಗೆ ಬಡಿಸ್ತೀನಿ.”

“ಅವನು ತಿಂತಾನೆ. ಡಾರ್ಟಿನ ಎಣ್ಣೆ ಹತ್ತಿದೆ ಅಂದ್ರೆ ಇನ್ನೊಂದು ಹಾಕು ಅಂತಾನೆ.”

ಬಾನೆಟ್ ಎತ್ತಿ, ಚಪ್ಪಟೆಯಾದ ಹಿಟ್ಟನ್ನು ಚಾಕುವಿನಿಂದ ಸೀಳಿ, ದಪ್ಪ ಅಳೆದು, ಮುದ್ದೆಯನ್ನು ಮೇಜಿನ ಮೇಲೆ ಸರಿಸಿಟ್ಟಳು. ಬಳೆಯ ಲೆಕ್ಕ ಸಿಕ್ಕಿತು. ಇನ್ನು ಜಾಗ ಗುರುತು ಮಾಡುವುದು.

ಬಾನೆಟ್ಟಿನ ನಡುವೆ ಉದ್ದಕ್ಕೂ ಒಂದು ಗೆರೆ ಓಡುತ್ತದೆ, ಮಡಿಚಿದ ಕಾಗದದ ಏಣಿನ ಹಾಗೆ. ಬರ್ನಡೀನ್ ಅದರ ಮೇಲೆ ಟೇಪ್ ಅಂಟಿಸಿದಳು. ಗೆರೆಯಿಂದ ಎಡಕ್ಕಿಷ್ಟು, ಬಲಕ್ಕಿಷ್ಟು, ಗಾಜಿನಿಂದ ಮುಂದಕ್ಕಿಷ್ಟು. ಅವಳ ಕೈ ಯೋಚಿಸದೆ ಓಡುತ್ತಿತ್ತು. ಗೆರೆಯ ಮೇಲೆ ಚುಕ್ಕಿ ಇಟ್ಟು, ಡ್ರಿಲ್ ಎತ್ತಿಕೊಂಡು, ಓಪಲಳ ಕಡೆ ನೋಡಿದಳು.

“ನನ್ನನ್ನೇನು ನೋಡ್ತೀಯ? ನಿನ್ನಪ್ಪನೂ ಇಲ್ಲ, ಪಾದ್ರಿಯೂ ಇಲ್ಲ. ಕೊರಿ.”

ಡ್ರಿಲ್ಲಿನ ಮೊನೆ ಹಸಿರು ಬಣ್ಣವನ್ನು ಕಚ್ಚಿ, ಬೆಳ್ಳಿಯಂಥ ಒಂದು ಸುರುಳಿಯನ್ನು ಮೇಲಕ್ಕೆ ಕಳಿಸಿತು. ಆಮೇಲೆ ಟಪ್ಪೆಂದು ಆಚೆ ಹೋಯಿತು. ಊರಿನಲ್ಲಿ ಯಾರೂ ಮುಟ್ಟದೆ ಕಾಯ್ದುಕೊಂಡು ಬಂದಿದ್ದ ತಗಡಿನಲ್ಲಿ ಈಗ ಕಡಲೆಕಾಳಿನಷ್ಟು ತೂತು. ಬರ್ನಡೀನಳಿಗೆ ಅಳು ಬರಬಹುದೆಂದು ಓಪಲ್ ಕರವಸ್ತ್ರ ಸಿದ್ಧವಾಗಿಟ್ಟುಕೊಂಡಿದ್ದಳು. ಅಳು ಬರಲಿಲ್ಲ. ಹಸಿವಾಯಿತು.

ಮುಂದೆ ಕೊಯ್ಯುವ ವೃತ್ತಕ್ಕೆ ಈ ತೂತೇ ನಡುಬಿಂದು, ಅದು ಸರಿಯಾಗಿ ಫಿಲ್ಟರಿನ ನಟ್ಟಿನ ಮೇಲೇ ಇದೆಯೇ ಎಂದು ನೋಡಬೇಕು. ಓಪಲ್ ತನ್ನ ಚೀಲದಿಂದ ಹೆಣಿಗೆಯ ಕಡ್ಡಿ ತೆಗೆದು, ತುದಿಗೆ ತನ್ನ ಲಿಪ್‌ಸ್ಟಿಕ್ ಬಳಿದು ಕೊಟ್ಟಳು. ಬರ್ನಡೀನ್ ಮುಚ್ಚಿದ ಬಾನೆಟ್ಟಿನ ತೂತಿನಿಂದ ಕಡ್ಡಿಯನ್ನು ನೇರಕ್ಕೆ ಇಳಿಸಿ ಫಿಲ್ಟರಿಗೆ ತಗುಲಿಸಿದಳು. ಬಾನೆಟ್ ಎತ್ತಿದರು. ಕೆಂಪು ಚುಕ್ಕಿ ನಟ್ಟಿನ ಮೇಲಿರಲಿಲ್ಲ. ಎರಡು ಬೆರಳು ಎಡಕ್ಕಿತ್ತು.

“ಕಡ್ಡಿ ಸೊಟ್ಟಗೆ ಹೋಯ್ತೇನೋ,” ಎಂದಳು ಓಪಲ್.

ಮತ್ತೆ ಇಳಿಸಿದರು. ಎರಡನೆಯ ಚುಕ್ಕಿ ಮೊದಲನೆಯದರ ಮೇಲೇ ಬಿತ್ತು.

ಬರ್ನಡೀನ್ ಮೇಜಿನ ಹತ್ತಿರ ಹೋಗಿ ಹಿಟ್ಟಿನ ಮುದ್ದೆಯನ್ನು ಎತ್ತಿ ನೋಡಿದಳು. ಕೆಳಗೆ ನಟ್ಟಿನ ಗುಳಿ. ಮೇಲೆ ಬಾನೆಟ್ಟಿನ ನಡುಗೆರೆಯ ಅಚ್ಚು. ಎರಡಕ್ಕೂ ನಡುವೆ ಎರಡು ಬೆರಳು. ಹಿಟ್ಟು ಆಗಲೇ ಹೇಳಿತ್ತು. ಅವಳು ಅದನ್ನು ಎಷ್ಟು ದಪ್ಪ ಎಂದಷ್ಟೇ ಕೇಳಿದ್ದಳು.

“ಆ ಕಿಟಕಿ ಕಡೆ ನೋಡ್ಬೇಡ,” ಓಪಲ್ ಮೆಲ್ಲಗೆ ಹೇಳಿದಳು. “ಸ್ಟ್ಯಾಶ್ ಬೆಳಿಗ್ಗೆಯಿಂದ ಈ ಬೀದೀಲಿ ಅತ್ತಿಂದಿತ್ತ ನಡೀತಿದಾನೆ. ಡ್ರಿಲ್ಲಿನ ಸದ್ದು ಕೇಳಿ ನಿಂತ. ಈಗ ಬಂದ.”

ಬಾಗಿಲಲ್ಲಿ ಸ್ಟ್ಯಾಶ್ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

“ಕೊರೆದೇಬಿಟ್ಯಾ.”

“ಕೊರೆದೆ.”

ಅವನು ಹತ್ತಿರ ಬಂದು, ಮಗುವಿನ ಮೊಣಕಾಲಿನ ಗಾಯ ನೋಡುವವನ ಹಾಗೆ ಬಗ್ಗಿ ನೋಡಿದ. ಮುಖ ಸ್ವಲ್ಪ ಸಡಿಲವಾಯಿತು.

“ಇಷ್ಟೇನಾ? ಇದೇನೂ ಅಲ್ಲ ಬಿಡು. ನನ್ನ ಭಾವಮೈದ ಬೆಸುಗೆ ಹಾಕಿ, ಉಜ್ಜಿ, ಬಣ್ಣ ಹೊಡೆದ್ರೆ ದೇವರಿಗೂ ಗೊತ್ತಾಗಲ್ಲ. ಸಂಜೆಯೊಳಗೆ ಮುಗಿಯುತ್ತೆ. ನಾಳೆ ಮಾಮೂಲಿ ಜಾಗಕ್ಕೆ ತಂದು ನಿಲ್ಲಿಸು. ನಾನು ಬಾಯಿ ಬಿಡಲ್ಲ.”

ಆ ಮನುಷ್ಯನಿಗೆ ಇದು ದೊಡ್ಡ ಮಾತು. ವೈಪರಿನ ರಬ್ಬರಿನ ವಿಷಯದಲ್ಲೂ ಸುಳ್ಳು ಹೇಳದವನು ತನಗೋಸ್ಕರ ಸುಳ್ಳು ಹೇಳಲು ಸಿದ್ಧನಾಗಿದ್ದಾನೆಂದು ಬರ್ನಡೀನಳಿಗೆ ಅರ್ಥವಾಯಿತು. ಅದಕ್ಕೇ ಅವಳ ದನಿ ಮೆತ್ತಗೇ ಇತ್ತು.

“ಯಾರಿಗೂ ಗೊತ್ತಾಗದ ಹಾಗೆ ಮಾಡೋಕಾ ಸ್ಟ್ಯಾಶ್, ನಾನು ಇಷ್ಟು ವರ್ಷ ಕಾದಿದ್ದು?”

ಅಷ್ಟರಲ್ಲಿ ಟೇಪು ಎಲ್ಲಿದೆಯೆಂದು ಅವನ ಕಣ್ಣಿಗೆ ಬಿತ್ತು. ಹುಬ್ಬು ಮೇಲೇರಿತು.

“ಅಲ್ಲ, ಇದನ್ನ ನಡುವಿಗೆ ಹಾಕಿದೀಯಲ್ಲ. ಡಾರ್ಟಿನ ಎಂಜಿನ್ ನಡುವಿನಲ್ಲಿ ಕೂತಿಲ್ಲ ಅಂತ ಈ ಬೀದಿ ನಾಯಿಗೂ ಗೊತ್ತು. ಸ್ಟಿಯರಿಂಗ್ ಕಂಬಕ್ಕೆ ದಾರಿ ಬಿಡೋಕೆ ಅಂತ ಬಲಕ್ಕೆ ತಳ್ಳಿ ಕೂರಿಸಿದಾರೆ.”

“ನನಗೂ ಗೊತ್ತಿತ್ತು. ಗೆರೆ ಕಂಡ ಕೂಡಲೇ ಕೈ ಅಲ್ಲಿಗೇ ಹೋಯ್ತು.”

“ಮೂವತ್ತು ವರ್ಷ ಆ ಗೆರೆಯಿಂದಲೇ ಎಲ್ಲಾ ಅಳೆದ ಕೈ,” ಎಂದು ಓಪಲ್ ನಡುವೆ ಬಂದಳು. “ಗೆರೆ ಕೂದಲೆಳೆ ಪಕ್ಕಕ್ಕೆ ಹೋದ್ರೆ ಮೇಸ್ತ್ರಿ ಕೂಗಾಡ್ತಿದ್ದ. ನೀನೇನು ನಗ್ತೀಯ, ಸ್ಟ್ಯಾಶ್? ಬಸ್‌ಸ್ಟಾಪ್ ಕಂಡಲ್ಲೆಲ್ಲ ನಿನ್ನ ಕಾರು ಈಗಲೂ ನಿಧಾನ ಆಗುತ್ತೆ. ಹೋದ ವಾರ ಯಾರೋ ಹತ್ತೋಕೆ ಬಂದಿದ್ರಂತೆ.”

ಸ್ಟ್ಯಾಶ್ ಟೋಪಿಯನ್ನು ಎರಡು ಸುತ್ತು ತಿರುಗಿಸಿದ. ಅದು ನಿಜವೇ ಆಗಿತ್ತು.

“ಸರಿ, ಹಾಗಾದ್ರೆ ಒಂದು ಕೆಲಸ ಮಾಡು,” ಎಂದ. “ಸ್ಕೂಪ್ ಬೇಕೇ ಬೇಕು ಅಂದ್ರೆ ನಡುವಿಗೇ ಇಟ್ಟು ನಾಲ್ಕು ತಿರುಪು ಹಾಕಿಬಿಡು. ಕೊಯ್ಯಬೇಡ. ನೋಡೋಕೆ ಚೆನ್ನಾಗಿರುತ್ತೆ. ಎಷ್ಟು ಜನ ಹಾಗೆ ಮಾಡಲ್ಲ?”

ಓಪಲ್ ಸಿಳ್ಳೆ ಹಾಕಿದಳು. “ಸುಳ್ಳು ಸ್ಕೂಪ್ ಹಾಕು ಅಂತ ಸ್ಟ್ಯಾಶ್ ಡುಡೆಕ್ ಬಾಯಲ್ಲಿ ಕೇಳಿದೆ. ನಾನಿನ್ನು ಸತ್ತರೂ ಚಿಂತೆ ಇಲ್ಲ.”

ಸ್ಟ್ಯಾಶ್‌ನ ಕಿವಿ ಕೆಂಪಾಯಿತು. ತೂತಿಲ್ಲದ ತಗಡಿನ ಮೇಲೆ ಅಂಟಿಸಿದ ಸ್ಕೂಪಿಗೆ ಇಲ್ಲಿ ಇರುವ ಮರ್ಯಾದೆ ಎಷ್ಟೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅಂಥ ಕಾರು ಬಂದರೆ ಜನ ಸ್ಕೂಪಿನ ಬಾಯಿಗೆ ಬೆರಳು ತೂರಿಸಿ, ತಳಕ್ಕೆ ಟೊಕ್ ಟೊಕ್ ಎಂದು ಬಡಿದು, ಮನೆಯಲ್ಲಿ ಯಾರಾದರೂ ಇದ್ದೀರಾ ಎಂದು ಕೇಳುತ್ತಾರೆ.

ಬರ್ನಡೀನ್ ಮುಕ್ಕಾಲಿ ಎಳೆದುಕೊಂಡು ಕಾರಿನ ಮುಂದೆ ಕೂತಳು. ನಡುವಿಗೆ ಕೊಯ್ದರೆ ಅಂದವಾಗಿರುತ್ತದೆ, ಆದರೆ ಅರ್ಧ ಫಿಲ್ಟರು ತಗಡಿನ ಕೆಳಗೆ ಉಳಿದು ಎಂಜಿನ್ ಒಂದು ಮೂಗಿನ ಹೊಳ್ಳೆಯಲ್ಲಿ ಉಸಿರಾಡಬೇಕು. ಎಂಜಿನ್ ಇರುವಲ್ಲಿಗೆ ಕೊಯ್ದರೆ ಸ್ಕೂಪ್ ಗೆರೆ ಬಿಟ್ಟು ಪಕ್ಕಕ್ಕೆ ಕೂರುತ್ತದೆ, ಊರಿನ ಕಣ್ಣಿಗೆ ಅದು ಅರಿಯದ ಹೆಂಗಸಿನ ಕೈಕೆಲಸವಾಗಿ ಕಾಣುತ್ತದೆ. ಒಳ್ಳೆ ತಗಡಿಗೆ ಗರಗಸ ಹಾಕುವುದು ಹೆಣ್ಣುಮಕ್ಕಳ ಕೆಲಸವಲ್ಲ. ಆ ಮಾತನ್ನು ಆಡಿದವನೇ ಒಂದೊಂದು ಗುಂಡಿಯನ್ನೂ ಹಾಕಿ ಸುತ್ತಿಟ್ಟಿದ್ದ. ಎರಡೂ ಅವನೇ. ಯಾವುದನ್ನು ನಂಬುವುದು ಎಂದು ಕೇಳಲು ಅವನಿರಲಿಲ್ಲ, ಕೇಳುವ ಅಗತ್ಯವೂ ಇಲ್ಲ ಎಂದು ಅವಳಿಗೆ ಆಗ ಅನ್ನಿಸಿತು. ಗ್ಯಾರೇಜು ಈಗ ಅವಳದು. ಗರಗಸವೂ ಅವಳದು.

ಎದ್ದು ಟೇಪನ್ನು ಸರ್ರನೆ ಕಿತ್ತಳು. ನಡುಗೆರೆಯಿಂದ ಎರಡು ಬೆರಳು ಬಲಕ್ಕೆ ಹೊಸ ಟೇಪು ಎಳೆದು, ಕೊಯ್ಯಬೇಕಾದ ವೃತ್ತ ಬರೆದಳು.

“ಸೊಟ್ಟಗೆ ಕಾಣುತ್ತೆ,” ಎಂದ ಸ್ಟ್ಯಾಶ್.

“ಕಾಣ್ಲಿ.”

“ಊರೆಲ್ಲ ನಗುತ್ತೆ ಬರ್ನಿ.”

“ನಗ್ಲಿ. ಎಂಜಿನ್ ಎಲ್ಲಿ ಉಸಿರಾಡುತ್ತೋ ಅಲ್ಲಿ ತೂತು. ಗೆರೆಗೆ ಬೇಕಿದ್ರೆ ಗೆರೆ ಸರಿದುಕೊಳ್ಳಲಿ.”

ಕೊಯ್ಯಬೇಕಾದರೆ ಬಾನೆಟ್ಟನ್ನು ಕಳಚಿ ಮರದ ಕುದುರೆಗಳ, ಬಡಗಿಗಳ ಆ ನಾಲ್ಕು ಕಾಲಿನ ಆಧಾರಗಳ, ಮೇಲೆ ಮಲಗಿಸಬೇಕು. ಬೋಲ್ಟುಗಳನ್ನು ಸಡಿಲಿಸಿ ಆಯಿತು, ಆದರೆ ಎತ್ತಲು ಎರಡು ಜೊತೆ ಕೈ ಬೇಕು. ಓಪಲಳ ಬಲ ಭುಜ ಕಾರ್ಖಾನೆಯಲ್ಲೇ ಕೆಟ್ಟುಹೋಗಿತ್ತು, ಕೆಟಲ್ ಎತ್ತುವುದಕ್ಕೂ ಅವಳು ಎಡಗೈಯನ್ನೇ ಮುಂದೆ ಮಾಡುತ್ತಿದ್ದಳು. ಆದರೂ ಮುಂದೆ ಬಂದಳು. ಸ್ಟ್ಯಾಶ್ ಟೋಪಿಯನ್ನು ಅವಳ ಕೈಗೆ ಕೊಟ್ಟು, ಅವಳ ಮೂಲೆಯನ್ನು ತಾನು ಹಿಡಿದ. ಕುದುರೆಗಳ ಮೇಲೆ ಹಳೇ ಕೌದಿ ಹಾಸಿದವನೂ ಅವನೇ. ಬಣ್ಣಕ್ಕೆ ಗೀರು ಬೀಳಬಾರದು ಎಂದು ಸುಕ್ಕುಗಳನ್ನು ಅಂಗೈಯಲ್ಲಿ ತೀಡಿದ. ಕೊಯ್ಯಲೆಂದು ಇಟ್ಟ ತಗಡಿಗೆ ಗೀರು ಬೀಳಬಾರದೆಂಬ ಆ ಕಾಳಜಿ ನೋಡಿ ಓಪಲ್‌ಗೂ ಹಾಸ್ಯ ಮಾಡಲು ಮನಸ್ಸಾಗಲಿಲ್ಲ.

ಬಾನೆಟ್ಟನ್ನು ಮಗುಚುವ ಮುಂಚೆ ಅವನು ಅದರ ಒಳಮೈಯನ್ನು ನೋಡಿದ, ನಿಂತುಬಿಟ್ಟ.

“ಗುರುತು ಹೋಗುತ್ತೆ.”

ಬಾನೆಟ್ಟಿನ ಒಳಗೆ ಹಳದಿ ಬಣ್ಣದ ಕಡ್ಡಿಯಲ್ಲಿ ಎಳೆದ ಒಂದು ಗುರುತಿತ್ತು, ಬಾಲವಿರುವ ಕೊಕ್ಕೆಯ ಹಾಗೆ. ಕಾರ್ಖಾನೆಯ ತಪಾಸಣೆಯ ಗುರುತು. ಪ್ರತಿ ಪ್ರದರ್ಶನದಲ್ಲೂ ಸ್ಟ್ಯಾಶ್ ಅದರ ಮೇಲೆ ಟಾರ್ಚ್ ಬಿಟ್ಟು ಜನರಿಗೆ ವಿವರಿಸುತ್ತಿದ್ದ: ಯಾವನೋ ಪುಣ್ಯಾತ್ಮ, ಎಡಗೈಯವನು, ಬ್ರಾಂಡಿ ಕುಡಿಯುವವನು ಇರಬೇಕು, ಬಾಲ ನೋಡಿ ಹೇಗೆ ನಡುಗಿದೆ. ನಡುಗೆರೆಗೆ ಕೊಯ್ದಿದ್ದರೆ ಗುರುತು ಉಳಿಯುತ್ತಿತ್ತು. ಎರಡು ಬೆರಳು ಬಲಕ್ಕೆ ಸರಿದ ವೃತ್ತದೊಳಗೆ ಅದು ಪೂರಾ ಬಿದ್ದಿತ್ತು.

“ಸ್ಟ್ಯಾಶ್,” ಎಂದಳು ಓಪಲ್. “ನಾನು ಬ್ರಾಂಡಿ ಕುಡಿಯಲ್ಲ. ಆ ಪ್ರೆಸ್ಸಿನ ಸಾಲಿನಲ್ಲಿ ಚಳಿಗೆ ಕೈ ನಡುಗ್ತಿತ್ತು.”

ಅವನಿಗೆ ಕೂಡಲೇ ಅರ್ಥವಾಗಲಿಲ್ಲ. ಓಪಲ್ ಲಿಪ್‌ಸ್ಟಿಕ್ ತೆಗೆದು, ಎಡಗೈಯಲ್ಲಿ ಹಿಡಿದು, ಬಾನೆಟ್ಟಿನ ಇನ್ನೊಂದು ಮೂಲೆಯಲ್ಲಿ ಒಂದು ಕೊಕ್ಕೆ ಎಳೆದಳು. ಅದೇ ಬಾಗು, ಅದೇ ಬಾಲ.

“ಇಷ್ಟು ವರ್ಷ ನನ್ನ ಪಕ್ಕದಲ್ಲೇ ನಿಂತು ಕೇಳ್ತಿದ್ದೆಯಲ್ಲ,” ಎಂದ ಸ್ಟ್ಯಾಶ್, ದನಿ ಸಣ್ಣದಾಗಿತ್ತು. “ಒಂದು ಮಾತು ಹೇಳಬಾರದಿತ್ತಾ?”

“ಎಷ್ಟು ಖುಷಿಯಿಂದ ಹೇಳ್ತಿದ್ದೆ. ಯಾಕೆ ಕೆಡಿಸ್ಲಿ ಅಂತ.”

ಸ್ಟ್ಯಾಶ್ ಗೋಡೆಯ ಕಡೆ ಮುಖ ಮಾಡಿ ನಿಂತ. “ಕೊಯ್ಯೋದಾದ್ರೆ ಕೊಯ್ಯಿ. ನಾನು ನೋಡಲ್ಲ,” ಎಂದ. ಆಮೇಲೆ, ತಿರುಗದೆಯೇ, “ಅಡ್ಡಪಟ್ಟಿ ಮುಟ್ಟಬೇಡ. ಅದು ಹೋದ್ರೆ ಬಾನೆಟ್ ಗಾಳಿಗೆ ಬಡಿದಾಡುತ್ತೆ,” ಎಂದ.

“ಅಡ್ಡಪಟ್ಟಿ ಎಲ್ಲಿದೆ ಅಂತ ನನಗೆ ಗೊತ್ತು ಕಣಯ್ಯ. ಇಂಥವು ಎಷ್ಟು ಒತ್ತಿಲ್ಲ ನಾನು.”

ಕರೆಂಟಿನ ಗರಗಸ ಕಿರುಚಿತು. ಬರ್ನಡೀನ್ ಅವಸರ ಮಾಡಲಿಲ್ಲ. ತಗಡು ಬಿಸಿಯಾದಾಗ ನಿಲ್ಲಿಸಿದಳು, ಒರೆಸಿದಳು, ಮತ್ತೆ ಹಿಡಿದಳು. ತಪ್ಪಾಗಿ ಕೊರೆದಿದ್ದ ಆ ಮೊದಲ ತೂತೂ ಹೊಸ ವೃತ್ತದ ಒಳಗೇ ಇತ್ತು. ಬಿಲ್ಲೆ ಕಳಚಿ ಕೌದಿಯ ಮೇಲೆ ಬಿದ್ದಾಗ ತಪ್ಪೂ ಗುರುತೂ ಒಟ್ಟಿಗೇ ಬಿದ್ದವು. ಅಂಚನ್ನು ಅರದಿಂದ ಉಜ್ಜಿ ಬೆರಳಾಡಿಸಿ ನೋಡಿದಳು. ತಟ್ಟೆಯ ಅಂಚಿನಷ್ಟು ನಯವಾಗಿತ್ತು.

ಬಿಲ್ಲೆಯನ್ನು ಒರೆಸಿ ಸ್ಟ್ಯಾಶ್‌ಗೆ ಕೊಟ್ಟಳು. ಅವನು ಅದನ್ನು ಎರಡೂ ಕಡೆ ತಿರುಗಿಸಿ ನೋಡಿ, ಕೋಟಿನ ಒಳಗೆ ಇಟ್ಟುಕೊಂಡ. ಬಾನೆಟ್ಟನ್ನು ಮರಳಿ ಕೂರಿಸಲು ಕೈ ಕೊಟ್ಟ. ಓಪಲಳ ಕೈಯಿಂದ ಟೋಪಿ ಇಸಿದುಕೊಂಡ.

“ನಾಳೆ ಕೊನೇ ಸಾಲು,” ಎಂದ ಬಾಗಿಲಲ್ಲಿ.

“ಹೇಳಿದೆಯಲ್ಲ,” ಎಂದಳು ಬರ್ನಡೀನ್, ಸ್ಕೂಪನ್ನು ತೂತಿನ ಮೇಲಿಟ್ಟು ತಿರುಪು ಹಾಕುತ್ತ.

ಭಾನುವಾರ ಪೂಜೆ ಬಿಡುವ ಹೊತ್ತಿಗೆ ಅವಳು ಡಾರ್ಟನ್ನು ನದಿಯ ರಸ್ತೆಯಲ್ಲಿ ಸುತ್ತಿಸಿಕೊಂಡು ಬಂದಿದ್ದಳು. ಸೇತುವೆಯಾಚೆಯ ನೇರ ದಾರಿಯಲ್ಲಿ ಪೆಡಲು ಒತ್ತಿದಾಗ ಸ್ಕೂಪಿನ ಬಾಯಿಂದ ಒಂದು ಹೂಂಕಾರ ಎದ್ದಿತು, ಸೀಟು ಅವಳ ಬೆನ್ನನ್ನು ತಳ್ಳಿತು. ಪಕ್ಕದಲ್ಲಿ ಕೂತಿದ್ದ ಓಪಲ್ ತನ್ನ ಹ್ಯಾಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಇದನ್ನ ಅಟ್ಟದ ಮೇಲೆ ಇಟ್ಟಿದ್ಯಲ್ಲೇ, ಪಾಪಿ,” ಎಂದಳು.

ಅಂಗಳಕ್ಕೆ ಬಂದಾಗ ಎಲ್ಲರೂ ತಿರುಗಿ ನೋಡಿದರು. ಅಪ್ಪನ ಅಂಗಿ ತೊಟ್ಟ ಬರ್ನಡೀನ್ ಯಾರ ಮುಖವನ್ನೂ ತಪ್ಪಿಸಲಿಲ್ಲ. ಮೊದಲ ಸಾಲನ್ನು ದಾಟುವಾಗ ಮಾತ್ರ ಕಣ್ಣು ಒಂದು ಗಳಿಗೆ ಅಲ್ಲಿ ನಿಂತಿತು. ಮಾಮೂಲಿ ಜಾಗದಲ್ಲಿ ಹಗ್ಗ ಕಟ್ಟಿತ್ತು. ಒಳಗೆ ಯಾವ ಕಾರೂ ಇರಲಿಲ್ಲ, ಬರೀ ಟಾರು ನೆಲ. ಫಲಕವೂ ಇರಲಿಲ್ಲ. ಅವಳು ಬ್ರೇಕ್ ಮುಟ್ಟದೆ ಕೊನೆಯ ಸಾಲಿಗೆ ಹೋಗಿ, ಬಾಡಿಗೆ ಕಕ್ಕಸುಗಳ ಪಕ್ಕ, ಮರದ ಕೆಳಗೆ ನಿಲ್ಲಿಸಿದಳು.

ಜನ ಸುತ್ತಿಕೊಂಡರು. ನಗಲು ಬಂದವರೇ ಹೆಚ್ಚು.

“ಬರ್ನಿ, ನಿನ್ನ ಕಾರಿಗೆ ಹಲ್ಲುನೋವಾ? ಒಂದು ಕೆನ್ನೆ ಊದಿದೆ.”

“ಆಂಟಿ, ನಿಮ್ಮ ಸ್ಕೂಪ್ ಸೊಟ್ಟಗಿದೆ,” ಎಂದ ಪಕ್ಕದ ಕಿತ್ತಳೆ ಕಾರಿನ ತರುಣ, ಕೈಯಲ್ಲಿದ್ದ ಸಾಸೇಜನ್ನು ಕಚ್ಚುತ್ತ.

“ಸ್ಕೂಪ್ ನೆಟ್ಟಗಿದೆ ಕಣಪ್ಪ. ಬಾನೆಟ್ ಸೊಟ್ಟಗಿದೆ.”

ಅವನು ಬಗ್ಗಿ ತಳ ಬಡಿಯಲು ಬೆರಳು ಚಾಚಿದ. ಬೆರಳಿಗೆ ತಳ ಸಿಗಲಿಲ್ಲ. ಬರ್ನಡೀನ್ ಒಳಗೆ ಕೂತು ಎಂಜಿನ್ ಹಚ್ಚಿ ಪೆಡಲು ಅದುಮಿದಳು. ಸ್ಕೂಪು ದೊಡ್ಡದಾಗಿ ಉಸಿರೆಳೆಯಿತು, ತರುಣನ ಕೈಯಲ್ಲಿದ್ದ ಕಾಗದದ ಕರವಸ್ತ್ರ ಹಾರಿ ಅದರ ಬಾಯಿಗೆ ಅಂಟಿಕೊಂಡಿತು. ನಗು ಬೇರೆ ಕಡೆಗೆ ತಿರುಗಿತು. ಮುದುಕನೊಬ್ಬ ಸ್ಕೂಪಿನ ಹತ್ತಿರ ಕಿವಿಯಿಟ್ಟು, ಇನ್ನೊಂದು ಸಲ ಎಂದು ಕೈಸನ್ನೆ ಮಾಡಿದ. ಆಚೆ ನಿಂತಿದ್ದ ಇಬ್ಬರು ತಲೆಯಲ್ಲಾಡಿಸಿ, ಒಳ್ಳೆ ಕಾರು ಹಾಳಾಯಿತೆಂದು ಹೇಳಿ ನಡೆದುಬಿಟ್ಟರು. ಅವರು ಅವಳ ಮನೆಗೆ ಎಷ್ಟೋ ಸಲ ಕಾಫಿಗೆ ಬಂದವರು. ಅವಳು ಅವರ ಬೆನ್ನು ನೋಡುತ್ತ ಇನ್ನೊಂದು ಸಲ ಪೆಡಲು ಒತ್ತಿದಳು.

ಪಾದ್ರಿ ಪವಿತ್ರ ಜಲದ ಬಟ್ಟಲು ಹಿಡಿದು ಕಾರುಗಳನ್ನು ಹರಸುತ್ತ ಬಂದ. ಡಾರ್ಟಿನ ಮುಂದೆ ಕುಂಚ ಎತ್ತಿದವನು ತಡೆದ.

“ಒಳಗೆ ನೀರು ಬಿದ್ರೆ ಏನಾದರೂ ಆಗುತ್ತೇನಮ್ಮ?”

“ಏನಾಗಲ್ಲ ಫಾದರ್, ಹೊಗೆ ಸ್ವಲ್ಪ ಪವಿತ್ರ ಆಗುತ್ತೆ.”

ಊಟದ ಹೊತ್ತಾಯಿತು. ಸಭಾಂಗಣದ ಬಾಗಿಲಿಂದ ಸಾಲು ಬೆಳೆಯಿತು. ಓಪಲ್ ಹೋಗಿ ನಿಲ್ಲೋಣವೆಂದಳು. ಈ ಸಾಲಿನಲ್ಲಿ ನಿಂತು ಬರ್ನಡೀನಳಿಗೆ ಅಭ್ಯಾಸವೇ ತಪ್ಪಿಹೋಗಿತ್ತು. ಜನ ಕರಗಲಿ ಎಂದು ಇಬ್ಬರೂ ಕಾರಿನ ಬಾಗಿಲು ತೆರೆದು, ಕಾಲು ಹೊರಗೆ ಚಾಚಿ ಕೂತರು.

ಅಂಗಳದ ಆ ತುದಿಯಿಂದ ಸ್ಟ್ಯಾಶ್ ಬರುತ್ತಿದ್ದ. ನಡುವಿನಲ್ಲಿ ಯಾರೋ ಅವನನ್ನು ನಿಲ್ಲಿಸಿ, ಹಗ್ಗದೊಳಗೆ ಯಾಕೆ ಕಾರಿಲ್ಲ ಎಂದು ಕೇಳಿದ್ದು ಕೇಳಿಸಿತು. “ಈ ವರ್ಷ ಆ ಜಾಗಕ್ಕೆ ಯಾರೂ ಇಲ್ಲ,” ಎಂದು ಹೇಳಿ ಅವನು ಮುಂದೆ ನಡೆದ. ಕೈಯಲ್ಲಿ ಬೆಳ್ಳಿಹಾಳೆ ಮುಚ್ಚಿದ ತಟ್ಟೆಯಿತ್ತು. ನೀಲಿ ಅಂಚಿನ ಪಿಂಗಾಣಿ, ಐರೀನಾಳದು, ಮೊದಲ ಕಾರಿನ ತಟ್ಟೆ.

ಅವನು ಡಾರ್ಟಿನ ಮುಂದೆ ನಿಂತ. ಬಗ್ಗಿ, ಒಂದು ಕಣ್ಣು ಮುಚ್ಚಿ, ಸ್ಕೂಪಿನ ಅಂಚನ್ನು ಉದ್ದಕ್ಕೂ ನೋಡಿದ. ತಿರುಪುಗಳ ಮೇಲೆ ಹೆಬ್ಬೆರಳು ಆಡಿಸಿದ. ತಲೆಯ ಸೀಳುಗಳೆಲ್ಲ ಒಂದೇ ದಿಕ್ಕಿಗೆ ನಿಂತಿದ್ದವು. ಆಮೇಲೆ ಬಾಗಿಲ ಬಳಿ ಬಂದು ತಟ್ಟೆಯನ್ನು ಬರ್ನಡೀನಳ ಮಡಿಲಿಗೆ ಕೊಟ್ಟ. ಬಿಸಿಯಿತ್ತು. ಹಾಳೆಯ ಸಂದಿಯಿಂದ ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆ ಎದ್ದು ಅಂಗಿಯ ವಾಸನೆಯೊಂದಿಗೆ ಕೂಡಿಕೊಂಡಿತು. ಸ್ಟ್ಯಾಶ್ ಕೋಟಿನ ಜೇಬಿನಿಂದ ಮುಳ್ಳುಚಮಚಗಳನ್ನು ತೆಗೆದು, ಒಂದನ್ನು ಅವಳಿಗೆ, ಇನ್ನೊಂದನ್ನು ಓಪಲಳ ಎಡಗೈಗೆ ಕೊಟ್ಟ.